ಬುರ್ಗಿಯ ದಾಸವಾಳ

ಚಳಿ ಸೋಫಿ ಹೋದಳು, ಇನ್ನು ಹೆದರಿಕೆಯಿಲ್ಲ ಎಂದು ಊರಿಗೆ ಊರೇ ಹಗುರಾಗಿದ್ದ ಬೆಳಿಗ್ಗೆ ಗೆರ್ಲಿಂಡೆಗೆ ಮಾತ್ರ ಅಂಗೈ ತಣ್ಣಗಾಗಿತ್ತು. ಮೇ ತಿಂಗಳಲ್ಲಿ ಸಾಲಾಗಿ ಮೂರು ದಿನ ಹಿಮದ ಸಂತರದು, ನಾಲ್ಕನೆಯದು ಸೋಫಿ ಎಂಬ ಸಂತಳದು; ಚಳಿಯ ಕೊನೆಯ ಹೊಡೆತ ಆ ದಿನಗಳಲ್ಲೇ ಎಂದು ನಂಬಿಕೆ. ಆ ನಾಲ್ಕು ದಿನ ಕಳೆಯದೆ ಬಿಸಿಲುಸೀಮೆಯ ಗಿಡವನ್ನು ಹೊರಗಿಟ್ಟವನಿಗೆ ತಲೆ ಕೆಟ್ಟಿದೆ ಎನ್ನುವುದು ಡ್ಯಾನ್ಯೂಬಿನ ಉತ್ತರಕ್ಕಿರುವ ಆ ಗುಡ್ಡಗಳಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಅಕ್ಟೋಬರಿನಲ್ಲಿ ಮನೆಮನೆಯಿಂದ ತಂದ ಕಣಗಿಲೆ, ದಾಸವಾಳ, ನಿಂಬೆ, ಕಾಗದದ ಹೂವು ಎಲ್ಲ ಏಳು ತಿಂಗಳು ಹಾಸ್ಲಿಂಗರ್ ಸಸ್ಯತೋಟದ ಗಾಜಿನ ಮನೆಯಲ್ಲಿ ಬಿಡಾರ ಮಾಡಿ ಇವತ್ತು ತಮ್ಮ ತಮ್ಮ ಅಂಗಳಕ್ಕೆ ಹೊರಟಿದ್ದವು. ಒಂದೊಂದರ ಕೊರಳಲ್ಲೂ ತಂತಿಯಿಂದ ಕಟ್ಟಿದ ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ಮನೆಯವರ ಹೆಸರು. ತೋಟದಲ್ಲಿ ಕೆಲಸಕ್ಕಿದ್ದ ಗೆರ್ಲಿಂಡೆ ಕುಂಡಗಳನ್ನು ಒಂದೊಂದಾಗಿ ಕೈಗಾಡಿಗೆ ಏರಿಸಿ ವ್ಯಾನಿನ ಹತ್ತಿರ ತಳ್ಳುತ್ತಿದ್ದಳು. ನೀಲಿ ಮೆರುಗಿನ ಒಂದು ಕುಂಡವನ್ನು ಮಾತ್ರ ಮೂರು ಸಲ ದಾಟಿಕೊಂಡು ಹೋಗಿದ್ದಳು.

"ಸೋಫಿ ಈ ಸಲ ಉಚ್ಚೆ ಹೊಯ್ಯದೇ, ಮಳೆ ಹಿಮ ಸುರಿಸದೇ ಹೋದ್ಲು ನೋಡು, ಪುಣ್ಯಾತಗಿತ್ತಿ" ಎನ್ನುತ್ತಾ ಒಡತಿ ಹೆರ್ಮೀನೆ ಹಾಸ್ಲಿಂಗರ್ ಕಾಫಿ ಲೋಟ ಹಿಡಿದು ಹೊರಗೆ ಬಂದಳು. "ಲಿಂಡೆ, ಮೊದ್ಲು ಲೈಟ್ನರ್ ಮನೆಗೆ ಹೋಗಿಬಿಡು. ಮುದುಕ ನಿನ್ನೆ ಎರಡು ಸಲ ಫೋನ್ ಮಾಡಿದ್ದ. ಬುರ್ಗಿ ಬೆಳಗಾದ್ರೆ ಹೊರಗಿನ ಬೆಂಚಲ್ಲೇ ಕೂತಿರ್ತಾಳಂತೆ, ದಾಸವಾಳ ಬರತ್ತೆ ಅಂತ."

"ಅದನ್ನ ಕೊನೆಗೆ ಇಟ್ಕೊಂಡಿದ್ದೆ."

"ಕೊನೆಗ್ಯಾಕೆ, ಅವರದ್ದೇ ಹತ್ರ. ಯಾಕೆ, ಗಿಡಕ್ಕೇನಾದ್ರೂ ಆಗಿದ್ಯಾ?"

"ಅಯ್ಯೋ ಇಲ್ಲ, ಏನಾಗತ್ತೆ! ಚೆನ್ನಾಗಿದೆ, ಮೊಗ್ಗೂ ಬಿಟ್ಟಿದೆ" ಎಂದಳು ಗೆರ್ಲಿಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೇಳಿದ್ದಕ್ಕಿಂತ ಎರಡು ಮಾತು ಹೆಚ್ಚಾಗಿಯೇ ಆಡಿದೆ ಅನ್ನಿಸಿತು. ಹೆರ್ಮೀನೆ ಆಗಲೇ ಬೇರೆ ಕಡೆ ತಿರುಗಿದ್ದಳು. ಅವಳು ಯಾವಾಗಲೂ ಹಾಗೆಯೇ, ಪ್ರಶ್ನೆ ಕೇಳುತ್ತಾಳೆ, ಉತ್ತರಕ್ಕೆ ನಿಲ್ಲುವುದಿಲ್ಲ. ನಿಂತಿದ್ದರೆ ಫೆಬ್ರವರಿಯಲ್ಲೇ ಹೇಳಿಬಿಡುತ್ತಿದ್ದೆನೇನೋ ಎಂದುಕೊಂಡ ಗೆರ್ಲಿಂಡೆ ಕೂಡಲೇ ತನ್ನನ್ನು ತಾನೇ ಬೈದುಕೊಂಡಳು. ಹೇಳುತ್ತಿರಲಿಲ್ಲ. ಸುಳ್ಳು ಯಾಕೆ. ನವೆಂಬರಿನ ಆ ದಿನದ ಮೇಲೆ ಅವಳ ಬಾಯಿಂದ ಅಂಥ ಮಾತು ಹೊರಡುವ ಹಾಗೇ ಇರಲಿಲ್ಲ. ಅವತ್ತು ಚಾವಣಿಯ ಒಂದು ಗಾಜಿನ ಕಿಟಕಿಯನ್ನು ಗಾಳಿಯಾಡಲೆಂದು ತೆರೆದವಳು ಊಟದ ಹೊತ್ತು ಕಳೆದರೂ ಮುಚ್ಚಿರಲಿಲ್ಲ, ಅಷ್ಟೇ. ಗಿಡಗಳಿಗೆ ಏನೂ ಆಗಿರಲಿಲ್ಲ. ಹೆರ್ಮೀನೆ ಗಿರಾಕಿಗಳ ಎದುರಿಗೇ ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನೇ ಲಿಂಡೆ, ಎಣ್ಣೆ ಸುಟ್ಟು ಆಕಾಶ ಕಾಯಿಸ್ತಿದ್ದೀಯಾ? ದೇವರಿಗೆ ಚಳಿಯಾಗ್ತಿದೆ ಅಂತ ನಿಂಗೇನಾದ್ರೂ ಕಾಗದ ಬರೆದಿದ್ನಾ?" ಎಂದಿದ್ದಳು. ಎಲ್ಲರೂ ನಕ್ಕರು. ಪಾದ್ರಿಯ ಮನೆಯ ಅಡುಗೆಯವಳೂ ನಕ್ಕಳು. ಗೆರ್ಲಿಂಡೆಯೂ ನಕ್ಕಳು, ಅದೇ ಅವಳಿಗೆ ಇವತ್ತಿಗೂ ತಡೆಯಲಾಗದ್ದು. ಇಪ್ಪತ್ತೆರಡು ವರ್ಷ ಮಣ್ಣು ಹೊತ್ತ ಮೇಲೆ, ತನ್ನನ್ನು ಆಡಿಕೊಂಡ ಮಾತಿಗೆ ತಾನೇ ಹಲ್ಲು ಕಿರಿದು ನಿಂತದ್ದು.

ವ್ಯಾನು ಇಳಿಜಾರಿನಲ್ಲಿ ಇಳಿಯುವಾಗ ಹಿಂದೆ ನೀಲಿ ಕುಂಡ ಒಂದೇ ಸಮನೆ ಕಟಕಟ ಅನ್ನುತ್ತಿತ್ತು. ಅದರ ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿತ್ತು. ಅದು ಲೈಟ್ನರ್ ಮನೆಯದೇ ಕುಂಡ, ಅನುಮಾನವಿಲ್ಲ. ಬಿಲ್ಲೆಯೂ ಅವರದ್ದೇ. ಗಿಡ ಮಾತ್ರ ತೀರಿಕೊಂಡ ಮೇಷ್ಟ್ರೊಬ್ಬರದು. ಮೇಷ್ಟ್ರು ಹೋಗಿ ಏಳು ಚಳಿಗಾಲವಾಗಿತ್ತು. ಅವರ ಕಡೆಯವರು ಯಾರೂ ಗಿಡ ಕೇಳಿಕೊಂಡು ಬರಲಿಲ್ಲ. ಕಸಕ್ಕೆ ಹಾಕಲು ಯಾರಿಗೂ ಮನಸ್ಸಾಗದೆ ಅದು ಮೂಲೆಯಲ್ಲಿ ಅನಾಥವಾಗಿ ಬೆಳೆದುಕೊಂಡಿತ್ತು. ಅದೇ ಕೆಂಪು, ಅದೇ ಎತ್ತರ, ಹೆಚ್ಚು ಕಡಿಮೆ ಅದೇ ವಯಸ್ಸು. ಗಾಜಿನ ಮನೆಗೆ ಬಂದುಹೋಗುವ ಎಲ್ಲರಿಗೂ ದಾಸವಾಳ ಅಂದರೆ ದಾಸವಾಳ. ಚಳಿಗಾಲ ಕಳೆಯುವ ಹೊತ್ತಿಗೆ ಹೇಗೂ ಎಲ್ಲ ಗಿಡವೂ ಅರ್ಧ ಎಲೆ ಉದುರಿಸಿ, ಗೆಲ್ಲು ಕತ್ತರಿಸಿಕೊಂಡು, ಆಸ್ಪತ್ರೆಯಿಂದ ಬಂದವರ ಹಾಗೆ ಇರುತ್ತವೆ. ಮನೆಯವರೇ ಅನುಮಾನದಿಂದ ನೋಡಿ, ಇಷ್ಟು ಸಣ್ಣಗಿತ್ತಾ ಅಂತ ಕೇಳುವುದುಂಟು. ಇದನ್ನೆಲ್ಲ ಅವಳು ಮನಸ್ಸಿನಲ್ಲಿ ಎಷ್ಟು ಸಲ ಜೋಡಿಸಿಟ್ಟಿದ್ದಳೆಂದರೆ ಈಗ ಅದು ಬೇರೆಯವರ ಕಥೆಯಂತೆ ಕೇಳುತ್ತಿತ್ತು.

ಅದು ಆದದ್ದು ಫೆಬ್ರವರಿಯಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಶುರುವಾಗುವ ಹಿಂದಿನ ಮಂಗಳವಾರ, ವೇಷದ ಹಬ್ಬದಂದು. ಮಧ್ಯಾಹ್ನಕ್ಕೇ ಕೆಲಸ ಮುಗಿಸಿ ಎಲ್ಲರೂ ಮೆರವಣಿಗೆ ನೋಡಲು ಹೋಗುವ ವಾಡಿಕೆ. ಬಿಸಿಲು ಚುರುಕಾಗಿತ್ತು, ಗಾಜಿನೊಳಗೆ ಬೆವರು ಹನಿಯುತ್ತಿತ್ತು, ಎಲೆಗಳಿಗೆ ಬೂಷ್ಟು ಹತ್ತದಿರಲೆಂದು ಬೆಚ್ಚನೆಯ ಕೋಣೆಯ ಮೂಲೆಯ ಕಿಟಕಿಯನ್ನು ಅವಳೇ ಹಿಡಿಕೆ ತಿರುಗಿಸಿ ತೆರೆದಿದ್ದಳು. ಆಮೇಲೆ ಹೆರ್ಮೀನೆ ಹಬ್ಬದ ಬನ್ನುಗಳ ತಟ್ಟೆ ತಂದಳು, ಬಿಸಿಬಿಸಿ ಕರಿದದ್ದು, ಒಳಗೆ ಜರದಾಳು ಹಣ್ಣಿನ ಪಾಕ. ನವೆಂಬರಿನ ಮೇಲೆ ಹೆರ್ಮೀನೆ ಅವಳೊಡನೆ ನೆಟ್ಟಗೆ ಮಾತಾಡಿದ್ದು ಅವತ್ತೇ. "ತಿನ್ನೇ ಲಿಂಡೆ, ಇನ್ನೊಂದು ತಿನ್ನು, ನೀನಿಲ್ದಿದ್ರೆ ಈ ತೋಟ ಯಾವತ್ತೋ ಮುಳುಗಿರೋದು" ಎಂದು ಅವಳ ಮೂಗಿಗೆ ಸಕ್ಕರೆ ಪುಡಿ ಹಚ್ಚಿ ನಕ್ಕಿದ್ದಳು. ಅಷ್ಟು ಸಾಕಾಯಿತು ನೋಡಿ. ಒಂದು ಒಳ್ಳೆಯ ಮಾತಿಗೆ ಹಸಿದವಳು ಎರಡು ಬನ್ನು ತಿಂದು, ಮೂಗಿನ ಸಕ್ಕರೆಯನ್ನೂ ಒರೆಸಿಕೊಳ್ಳದೆ, ಕಿಟಕಿಯನ್ನು ಮರೆತು ಮೆರವಣಿಗೆಗೆ ಹೊರಟುಹೋದಳು. ಮಾರನೆಯ ದಿನ ಬೂದಿ ಬುಧವಾರ. ಪಾದ್ರಿ ಹಣೆಗಿಟ್ಟ ಬೂದಿಯೊಂದಿಗೇ ಬಂದು ಬಾಗಿಲು ತೆಗೆದರೆ ಒಳಗೆ ಹೊರಗಿನ ಗಾಳಿ. ಹಿಂದಿನ ರಾತ್ರಿ ಹಿಮ ಕಲ್ಲು ಸೀಳುವ ಹಾಗೆ ಬಿದ್ದಿತ್ತು. ಬಿಸಿನೀರಿನ ಕೊಳವೆ ಕೋಣೆಯ ಇನ್ನೊಂದು ಕೊನೆಯಲ್ಲಿದ್ದುದರಿಂದ ಉಳಿದ ಗಿಡಗಳು ಬದುಕಿದ್ದವು. ಕಿಟಕಿಯ ನೇರ ಕೆಳಗಿದ್ದದ್ದು ನೀಲಿ ಕುಂಡ. ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿದ್ದವು. ತುದಿಯಿಂದ ಕೆಳಕ್ಕೆ ಉಗುರಿನಿಂದ ಗೀರುತ್ತಾ ಬಂದಳು. ತೊಗಟೆಯ ಕೆಳಗೆ ಎಲ್ಲಾ ಕಂದು. ಬುಡದಲ್ಲಿ, ಮಣ್ಣಿಗೆ ಎರಡು ಬೆರಳು ಮೇಲೆ ಒಂದು ಪುಟ್ಟ ಚಿಗುರಿನ ಹತ್ತಿರ ಮಾತ್ರ ಹಸಿರು ಸಿಕ್ಕಿತು. ಅಷ್ಟರಲ್ಲಿ ಹೆರ್ಮೀನೆಯ ಚಪ್ಪಲಿಯ ಸದ್ದು ಕೇಳಿ ಅವಳು ಹಿಡಿಕೆ ತಿರುಗಿಸಿ ಕಿಟಕಿ ಮುಚ್ಚಿದಳು, ಕುಂಡವನ್ನು ಬೆಂಚಿನ ಹಿಂದಕ್ಕೆ ಎಳೆದಳು, ಮೇಲೆ ಗೋಣಿ ಹೊದಿಸಿದಳು. ಮೂರು ದಿನ ಆ ಗೋಣಿ ಎತ್ತುವ ಧೈರ್ಯ ಬರಲಿಲ್ಲ. ಎತ್ತಿದಾಗ ಆ ಹಸಿರೂ ಹೋಗಿತ್ತು.

ಲೈಟ್ನರ್ ಮನೆಯ ಅಂಗಳದಲ್ಲಿ ದಕ್ಷಿಣದ ಗೋಡೆಗೆ ಒರಗಿಸಿದ ಬೆಂಚು, ಬೆಂಚಿನ ಪಕ್ಕದ ಚಪ್ಪಡಿಯ ಮೇಲೆ ಕುಂಡ ಇಟ್ಟಿಟ್ಟು ಬಿದ್ದ ದುಂಡನೆಯ ಕಲೆ. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಎಂಗೆಲ್‌ಬರ್ಟ್ ಲೈಟ್ನರ್ ಒಬ್ಬನೇ, ಹೆಂಡತಿ ಬುರ್ಗಿಯಿಲ್ಲದೆ, ಹೊರಗೆ ಬಂದ. ಅಕ್ಟೋಬರಿನಲ್ಲಿ ಇದೇ ಕುಂಡವನ್ನು ಒಂದು ಕೈಯಲ್ಲಿ ಎತ್ತಿಕೊಟ್ಟವನು ಈಗ ಸೊರಗಿ ಅಂಗಿಯೊಳಗೆ ತೂಗುತ್ತಿದ್ದ. ಗಡ್ಡ ಅರ್ಧ ಕೆನ್ನೆ ಕೆರೆದು ಅರ್ಧ ಬಿಟ್ಟಿದ್ದ. ಹಾಲು ಕರೆಯುವ ದನಗಳಿದ್ದ ಕಾಲದಲ್ಲೂ ಅವನು ಇಷ್ಟು ದಣಿದದ್ದನ್ನು ಗೆರ್ಲಿಂಡೆ ಕಂಡಿರಲಿಲ್ಲ.

"ಒಳಗೆ ಬಟ್ಟೆ ಹಾಕ್ಕೋತಿದ್ದಾಳೆ" ಎಂದ ತಗ್ಗಿದ ದನಿಯಲ್ಲಿ. "ದಾಸವಾಳ ಬರತ್ತೆ ಅಂದೆ ನೋಡು, ಚರ್ಚಿಗೆ ಹೋಗೋ ಭಾನುವಾರದ ಲಂಗ ಹುಡುಕ್ತಿದ್ದಾಳೆ. ಬಾ, ಇಳಿಸೋಣ." ಇಬ್ಬರೂ ಸೇರಿ ಕುಂಡ ಇಳಿಸಿ ಕಲೆಯ ಮೇಲೆ ಕೂರಿಸಿದರು. ಕುಂಡದ ಬುಡ ಕಲೆಗೆ ಸರಿಯಾಗಿ ಕೂತಿತು. ಅವನು ಬಾಗಿ ಒಂದು ಮೊಗ್ಗನ್ನು ಬೆರಳಲ್ಲಿ ಎತ್ತಿ ನೋಡಿದ. "ನಿಂಗೆ ಗೊತ್ತಲ್ಲ ಗೆರ್ಲಿಂಡೆ, ನಂಗೆ ಎಲ್ಲಾ ಗಿಡಾನೂ ಒಂದೇ. ಇದು ಅವಳದ್ದು. ಮೂವತ್ತನಾಲ್ಕು ವರ್ಷ. ಆ ದೊಡ್ಡಾಸ್ಪತ್ರೇಲಿ ಡಾಕ್ಟ್ರು ಮಕ್ಕಳಾಗಲ್ಲಮ್ಮ ನಿಮಗೆ ಅಂದ್ರಲ್ಲ, ಆಚೆ ಬಂದೋಳು ಅಳ್ತಾಳೇನೋ ಅಂದ್ಕೊಂಡೆ. ಅಲ್ಲಿ ವರಾಂಡದಲ್ಲಿ ಇಟ್ಟಿದ್ದ ದಾಸವಾಳದ ಕಡ್ಡಿ ಮುರಿದು ಒದ್ದೆ ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕ್ಕೊಂಡ್ಳು. ಏನೇ ಇದು ಅಂದ್ರೆ, ಸುಮ್ನಿರಿ, ಕದ್ದ ಕಡ್ಡಿ ಬೇಗ ಬೇರು ಬಿಡತ್ತೆ ಅಂದ್ಳು."

ಗೆರ್ಲಿಂಡೆಗೆ ಆ ಕಥೆ ಗೊತ್ತಿತ್ತು. ಬುರ್ಗಿ ನಗುತ್ತಾ ಊರಿಗೆಲ್ಲ ಹೇಳಿದ್ದ ಕಥೆ ಅದು. ಆದರೆ ಡಾಕ್ಟರ ಮಾತನ್ನು ಅವಳು ಯಾವತ್ತೂ ಸೇರಿಸಿ ಹೇಳಿರಲಿಲ್ಲ.

"ನಿಂಗೊಂದು ಮಾತು ಹೇಳ್ತೀನಿ" ಎಂದ ಲೈಟ್ನರ್, ಗೋಡೆಗೆ ಕೈಯಾನಿಸಿ. "ಪೇಟೆಯ ಆರೈಕೆ ಮನೇಲಿ ಒಂದು ಹಾಸಿಗೆ ಖಾಲಿ ಆಗಿದೆ. ಶುಕ್ರವಾರದ ತನಕ ಇಟ್ಕೋತೀವಿ ಅಂದಿದ್ದಾರೆ. ನನ್ನ ಹೆಸರು ಹೋಯ್ತು, ಅವಳ ತಂಗಿ ಹೆಸರು ಹೋಯ್ತು. ಒಲೆ ಹಚ್ಚಿ ಮರೀತಾಳೆ. ಹಿಮದಲ್ಲಿ ಬರಿಗಾಲಲ್ಲಿ ಕೊಟ್ಟಿಗೆಗೆ ಹೋಗಿ ಇಲ್ದಿರೋ ಹಸು ಹುಡುಕ್ತಾಳೆ. ನಾನು ನಿದ್ದೆ ಮಾಡಿ ಆರು ತಿಂಗಳಾಯ್ತು. ಆದ್ರೆ ಗಿಡ ಮಾತ್ರ ಮರೀಲಿಲ್ಲ ನೋಡು. ದಿನಾ ಕೇಳ್ತಾಳೆ, ಯಾವತ್ತು ಬರತ್ತೆ ಅಂತ. ಅದಕ್ಕೇ ನಾನೊಂದು ಮಾಡ್ಕೊಂಡಿದ್ದೀನಿ. ಗಿಡದ ಗುರುತು ಇರೋ ತನಕ ಅವಳು ಈ ಮನೇಲಿರ್ತಾಳೆ. ಅದೂ ಹೋದ ದಿನ ರುಜು ಹಾಕ್ತೀನಿ."

ಈಗ ಹೇಳಬೇಕು, ಇದೇ ಸಮಯ, ಇನ್ನು ಒಂದು ಉಸಿರು ಕಳೆದರೆ ತಡವಾಗುತ್ತದೆ ಎಂದು ಗೊತ್ತಿದ್ದೂ ಗೆರ್ಲಿಂಡೆ ಹೇಳಲಿಲ್ಲ. ಬದಲಿಗೆ, ದೇವರೇ, ಅವಳಿಗೆ ಸಮಾಧಾನವಾಯಿತು. ಸ್ವಂತ ತಂಗಿಯ ಹೆಸರು ಮರೆತವಳು ಒಂದು ಕಾಂಡವನ್ನು ಇನ್ನೊಂದರಿಂದ ಬೇರೆ ಮಾಡುತ್ತಾಳೆಯೇ? ಕೆಂಪು ಹೂವು, ನೀಲಿ ಕುಂಡ, ಅದೇ ಜಾಗ. ಖುಷಿಪಡುತ್ತಾಳೆ. ಮನೆಯಲ್ಲೇ ಉಳಿಯುತ್ತಾಳೆ. ಹಾಗೆ ನೋಡಿದರೆ ತನ್ನ ಮೋಸವೇ ಇವತ್ತು ಆಕೆಯನ್ನು ಕಾಪಾಡುತ್ತದೆ. ಬರಿಯ ಕುಂಡ ಬಂದಿದ್ದರೆ ಏನಾಗುತ್ತಿತ್ತು! ಹೀಗೆಲ್ಲ ಯೋಚಿಸುತ್ತಾ ತಾನು ಪುಣ್ಯದ ಕೆಲಸ ಮಾಡಿದೆ ಎನ್ನುವವರೆಗೆ ಅವಳು ಹೋದಳು, ನಾಚಿಕೆಯಿಲ್ಲದೆ.

ಬುರ್ಗಿ ಬಾಗಿಲಿಗೆ ಬಂದಳು. ಭಾನುವಾರದ ಲಂಗದ ಮೇಲಿನ ಕುಪ್ಪಸದ ಗುಂಡಿಗಳು ಒಂದಕ್ಕೊಂದು ತಪ್ಪಿ ಕೂತಿದ್ದವು. ಗೆರ್ಲಿಂಡೆಯ ಕಡೆ ನೋಡಲೇ ಇಲ್ಲ. ನೇರ ಕುಂಡದ ಹತ್ತಿರ ಹೋಗಿ, ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ ಕಾಂಡಕ್ಕೆ ಕೈ ಹಾಕಿದಳು. ಅವಳ ಹೆಬ್ಬೆರಳು ಕಾಂಡದ ಹಿಂಬದಿಯಲ್ಲಿ, ಮೊದಲ ಕವಲಿನ ಸ್ವಲ್ಪ ಕೆಳಗೆ, ಏನನ್ನೋ ಹುಡುಕಿತು. ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಏನನ್ನೆಂದು ಗೆರ್ಲಿಂಡೆಗೆ ಗೊತ್ತಾಯಿತು. ಹಳೆಯ ಗಿಡದಲ್ಲಿ ಅಲ್ಲೊಂದು ಗಂಟು ಇತ್ತು. ಯಾವುದೋ ವರ್ಷ ಕೊಂಬೆ ಕಡಿದ ಜಾಗ ಮಾಗಿ, ಹೆಬ್ಬೆರಳು ಕೂರುವಷ್ಟು ಕುಳಿಬಿದ್ದ ಗಂಟು. ಸತ್ತ ಗಿಡವನ್ನು ಗರಗಸದಿಂದ ತುಂಡು ಮಾಡುವಾಗ ಅದು ಹಲ್ಲಿಗೆ ಸಿಕ್ಕಿ ತೊಂದರೆ ಕೊಟ್ಟಿತ್ತು. ಎಷ್ಟು ನುಣ್ಣಗಿದೆ ಈ ಕುಳಿ ಎಂದು ಆಗ ಅನ್ನಿಸಿತ್ತು. ಯಾಕೆ ನುಣ್ಣಗಿದೆ ಎಂದು ಯೋಚಿಸಿರಲಿಲ್ಲ.

"ಇದು ನಂದಲ್ಲ" ಎಂದಳು ಬುರ್ಗಿ.

"ಬುರ್ಗಿ, ಸರಿಯಾಗಿ ನೋಡೇ" ಎಂದ ಲೈಟ್ನರ್. "ನಿನ್ನ ದಾಸವಾಳ ಕಣೇ. ಕುಂಡ ನೋಡು."

"ಕುಂಡ ನಂದು. ಗಿಡ ನಂದಲ್ಲ. ಯಾರ್ದೋ ಇದು."

ಗೆರ್ಲಿಂಡೆ ಆಗ ಮಾಡಿದ್ದನ್ನು ಯಾರೂ ಅವಳಿಗೆ ಮಾಡು ಎಂದಿರಲಿಲ್ಲ. ಸುಮ್ಮನಿದ್ದಿದ್ದರೂ ಸಾಕಿತ್ತು. ಅವಳು ಮಂಡಿಯೂರಿ ಕೂತು, ತಗಡಿನ ಬಿಲ್ಲೆಯನ್ನು ಬೆರಳಲ್ಲಿ ಹಿಡಿದು, ಮಗುವಿಗೆ ಅಕ್ಷರ ತೋರಿಸುವ ಹಾಗೆ, "ನೋಡಿ ಬುರ್ಗಿಯಮ್ಮ, ಲೈಟ್ನರ್ ಅಂತ ಬರೆದಿದೆ. ನಿಮ್ದೇ. ಚಳಿಗಾಲದಲ್ಲಿ ಸ್ವಲ್ಪ ಬದಲಾಗಿರತ್ತೆ ಅಷ್ಟೇ" ಎಂದಳು. ಬುರ್ಗಿ ಬಿಲ್ಲೆಯನ್ನು ನೋಡಿದಳು, ಅವಳ ಮುಖವನ್ನು ನೋಡಿದಳು. ಕಣ್ಣುಗಳು ತಿಳಿಯಾಗಿದ್ದವು. ಆಮೇಲೆ ಗಂಡನ ಕಡೆ ನೋಡಿದಳು. ಅವನು ಅಂಗೈಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. ಏನೋ ದೊಡ್ಡ ತಪ್ಪು ಮಾಡಿದೆನೆಂಬ ಹಾಗೆ ಮುದುಕಿಯ ಮುಖ ಸಣ್ಣದಾಯಿತು. "ನಂದಾ?" ಎಂದಳು ಮೆಲ್ಲಗೆ. "ಬರೆದಿದೆ ಅಂದ್ರೆ ನಂದೇ ಇರ್ಬೇಕು. ಬೇಜಾರ್ ಮಾಡ್ಕೋಬೇಡಿ. ನಂಗೆ ಈಗೀಗ ಮರೆವು." ಹಾಗೆಂದು, ಅವರನ್ನು ಸಂತೋಷಪಡಿಸಲೆಂದೇ, ಆ ಅಪರಿಚಿತ ಗಿಡದ ಎಲೆಯನ್ನು ಎರಡು ಸಲ ಸವರಿದಳು.

ಲೈಟ್ನರ್ ಒಳಗೆ ಹೋದ. ತೆರೆದ ಕಿಟಕಿಯಿಂದ ಅವನು ಫೋನಿನಲ್ಲಿ ಆರೈಕೆ ಮನೆಯವರಿಗೆ ಬುರ್ಗಿಯ ಪೂರ್ತಿ ಹೆಸರು ಹೇಳುವುದು ಕೇಳುತ್ತಿತ್ತು: ಹೌದು, ಲೈಟ್ನರ್, ನೋಟ್‌ಬುರ್ಗಾ ಲೈಟ್ನರ್. ಇಲ್ಲ, ಶುಕ್ರವಾರದ ತನಕ ಬೇಡ. ನಾಳೆಯೇ ಆಗಬಹುದು.

ಗೆರ್ಲಿಂಡೆ ವ್ಯಾನಿನ ತನಕ ನಡೆದಳು. ಬಾಗಿಲು ತೆಗೆದಳು. ಇನ್ನೂ ಹನ್ನೊಂದು ಕುಂಡ ತಲುಪಿಸಬೇಕಿತ್ತು. ಹತ್ತಿ ಕೂತಳು, ಬೀಗದ ಕೈ ಹಾಕಿದಳು, ಮತ್ತೆ ತೆಗೆದಳು. ಏನಾಗುತ್ತದೆ ಮಹಾ? ಹೆರ್ಮೀನೆ ಬೈಯುತ್ತಾಳೆ, ಕೆಲಸ ಹೋಗುತ್ತದೆ, ಪಾದ್ರಿಯ ಅಡುಗೆಯವಳು ನಗುತ್ತಾಳೆ. ಇದಕ್ಕೇ ಹೆದರಿ ಮೂರು ತಿಂಗಳು ಕಳೆದದ್ದೇ? ಕೈಯ ಮಣ್ಣನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾ ಅವಳು ಅಂಗಳ ದಾಟಿ, ಬೆಂಚಿನ ಕಡೆ ನೋಡದೆ, ಅಡುಗೆಮನೆಗೆ ನುಗ್ಗಿದಳು.

"ಯಜಮಾನ್ರೇ, ಅವರು ಹೇಳಿದ್ದೇ ನಿಜ. ಗಿಡ ಅವರದ್ದಲ್ಲ. ಅವರದ್ದು ಫೆಬ್ರವರೀಲೇ ಸತ್ತುಹೋಯ್ತು. ಕಿಟಕಿ ಮುಚ್ಚೋಕೆ ಮರೆತೆ. ನಾನೇ ಬೇರೆ ಗಿಡ ನೆಟ್ಟು ಬಿಲ್ಲೆ ಕಟ್ಟಿದೆ. ಅವರಿಗೆ ಗುರುತಿದೆ. ಚೆನ್ನಾಗಿ ಗುರುತಿದೆ."

ಲೈಟ್ನರ್ ಮೇಜಿನ ಮೇಲೆ ಎರಡೂ ಕೈಯಿಟ್ಟು ನಿಂತಿದ್ದ. ಎದುರಿಗೆ ಕಾಗದ, ಪೆನ್ನು. ತಲೆಯೆತ್ತಿ ಅವಳನ್ನು ನೋಡಿದ. ಅವನ ಮುಖದಲ್ಲಿ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟೂ ಅಲ್ಲ. ಅದು ಹೆದರಿಕೆ. ಇನ್ನೊಂದು ಚಳಿಗಾಲ, ಬರಿಗಾಲು, ಒಲೆ, ನಿದ್ದೆಯಿಲ್ಲದ ಆರು ತಿಂಗಳು. ಅದು ಬಂದದ್ದನ್ನು ಗೆರ್ಲಿಂಡೆ ಕಂಡಳು, ಅವಳು ಕಂಡಳೆಂದು ಅವನಿಗೂ ತಿಳಿಯಿತು. ಆಮೇಲೆ ಅವನು ನಕ್ಕ, ತುಂಬ ಮೃದುವಾಗಿ.

"ನೀನು ಒಳ್ಳೇವಳು ಗೆರ್ಲಿಂಡೆ. ಕರುಳು ಚುರ್ ಅಂತು ನಿಂಗೆ, ಅದಕ್ಕೇ ಹೇಳ್ತಿದ್ದೀಯ."

"ಅಯ್ಯೋ ದೇವರಾಣೆ ನಿಜ! ಕಾಂಡದಲ್ಲಿ ಗಂಟಿತ್ತು, ಅದನ್ನೇ ಹುಡುಕಿದ್ದು ಅವರು..."

"ಎಲ್ಲಿದೆ ಹಾಗಾದ್ರೆ ಆ ಕಾಂಡ? ತೋರಿಸು."

ತುಂಡುಗಳನ್ನು ಯಂತ್ರಕ್ಕೆ ಕೊಟ್ಟು ಪುಡಿ ಮಾಡಿ, ಪುಡಿಯನ್ನು ಬೇಲಿಯ ಗಿಡಗಳ ಬುಡಕ್ಕೆ ಹರಡಿ, ಮೇಲೆ ಕುಂಟೆ ಎಳೆದಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಯಾವ ಕೆಲಸವನ್ನೂ ಅಷ್ಟು ಚೊಕ್ಕವಾಗಿ ಮಾಡಿರಲಿಲ್ಲ.

"ಬಿಡು" ಎಂದ ಲೈಟ್ನರ್. "ಈ ವರ್ಷ ನಂಗೋಸ್ಕರ ಎಲ್ಲರೂ ಸುಳ್ಳು ಹೇಳಿದ್ರು. ಡಾಕ್ಟ್ರೂ ಹೇಳಿದ್ರು. ನೀನೂ ಒಂದು ಹೇಳ್ದೆ. ರುಜು ಹಾಕಾಯ್ತು." ಅವನು ಅವಳ ಕಣ್ಣು ತಪ್ಪಿಸಿ, ಬೀರುವಿನ ಮೇಲಿನ ಪೆಟ್ಟಿಗೆಯನ್ನು ಇಳಿಸಲು ಕುರ್ಚಿ ಎಳೆದ.

ಹೊರಗೆ ಬಿಸಿಲು ಬೆಂಚಿನ ತನಕ ಬಂದಿತ್ತು. ಗೆರ್ಲಿಂಡೆ ಬುರ್ಗಿಯ ಪಕ್ಕದಲ್ಲಿ ಕೂತು, ತಪ್ಪಿ ಕೂತಿದ್ದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕಿದಳು. ಮುದುಕಿ ಸುಮ್ಮನೆ ಹಾಕಿಸಿಕೊಂಡಳು.

"ನಂದು ಎಲ್ಲಿ ಹೋಯ್ತು ಹುಡುಗಿ?" ಎಂದಳು, ಗಂಡನಿಗೆ ಕೇಳಿಸದ ಹಾಗೆ.

"ಸತ್ತುಹೋಯ್ತು ಬುರ್ಗಿಯಮ್ಮ. ನಾನು ಕಿಟಕಿ ಮುಚ್ಚಲಿಲ್ಲ. ನನ್ನ ತಪ್ಪು."

"ಚಳಿಗಾ?"

"ಹ್ಞೂಂ, ಚಳಿಗೆ."

ಬುರ್ಗಿ ತಲೆಯಾಡಿಸಿದಳು. ನಂಬಲು ಅವಳಿಗೆ ಯಾವ ಕಾಂಡವೂ ಬೇಕಿರಲಿಲ್ಲ. ಆಮೇಲೆ, ಗಿಡ ಬೆಳೆಸಿದವರು ಯಾರೇ ಆದರೂ ಮೊದಲು ಕೇಳುವುದನ್ನು ಕೇಳಿದಳು: "ಒಂದು ಕಡ್ಡಿನಾದ್ರೂ ಮುರಿದಿಟ್ಕೊಂಡ್ಯಾ?"

ಬುಡದ ಹತ್ತಿರ, ಮಣ್ಣಿಗೆ ಎರಡು ಬೆರಳು ಮೇಲೆ. ಮೊದಲ ದಿನ ಅಲ್ಲಿ ಹಸಿರಿತ್ತು. ಒಂದು ಚೂರಿ, ಒಂದು ಹಿಡಿ ಮರಳು, ಮೇಲೊಂದು ಗಾಜಿನ ಲೋಟ, ಇಷ್ಟಿದ್ದರೆ ಸಾಕಿತ್ತು. ಇಂಥ ಸಾವಿರ ಕಡ್ಡಿಗಳಿಗೆ ಅವಳು ಬೇರು ಬರಿಸಿದವಳು. ಆ ಮೂರು ದಿನವೂ ಅವಳು ಯೋಚಿಸಿದ್ದು ತನ್ನ ಮಾನದ ಬಗ್ಗೆ ಮಾತ್ರ, ಗಿಡದ ಬಗ್ಗೆ ಒಂದು ಸಲವೂ ಅಲ್ಲ.

"ಇಲ್ಲ" ಎಂದಳು ಗೆರ್ಲಿಂಡೆ, ಮತ್ತು ಅತ್ತಳು. ಬುರ್ಗಿ ಅವಳ ಮಂಡಿಯ ಮೇಲೆ ಕೈಯಿಟ್ಟಳು. ಹೆಬ್ಬೆರಳು ಅಲ್ಲೂ ಮೇಲೆ ಕೆಳಗೆ ಆಡುತ್ತಿತ್ತು.

ಒಳಗೆ ಪೆಟ್ಟಿಗೆ ನೆಲಕ್ಕಿಟ್ಟ ಸದ್ದಾಯಿತು. ಬುರ್ಗಿ ಸದ್ದಿಗೆ ತಿರುಗಿ ನೋಡಿದಳು, ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಅವಳ ಮುಖ ಬೇರೆಯಾಗಿತ್ತು. ಪಕ್ಕದಲ್ಲಿದ್ದ ಹೆಂಗಸಿನ ಅಳುವನ್ನು ಮರ್ಯಾದೆಗೆಂದು ಕಂಡೂ ಕಾಣದವಳಂತೆ ಕೂತು, ಕುಂಡವನ್ನು ನೋಡಿ, "ಯಾರದ್ದಮ್ಮ ಈ ದಾಸವಾಳ? ಚೆನ್ನಾಗಿದೆ" ಎಂದಳು. "ನಂದೂ ಒಂದಿದೆ, ಗಾಜಿನ ಮನೇಲಿ. ಸೋಫಿ ಕಳೆದ ಮೇಲೆ ತರ್ತಾರೆ. ನೀವು ಅಲ್ಲಿಯವರೇ ಅಲ್ವಾ? ಯಾವತ್ತು ತರ್ತೀರಿ?"

ಗೆರ್ಲಿಂಡೆ ಕಣ್ಣು ಒರೆಸಿಕೊಂಡಳು. ನಾಳೆ ಅನ್ನಬಹುದಿತ್ತು, ನಾಳೆ ಈ ಬೆಂಚಿನ ಮೇಲೆ ಕೇಳುವವರು ಯಾರೂ ಇರುತ್ತಿರಲಿಲ್ಲ.

"ಬುರ್ಗಿಯಮ್ಮ" ಎಂದಳು, "ನಿಮ್ಮ ಗಿಡದ ವಿಷಯ ಒಂದು ಹೇಳ್ಬೇಕು" ಎಂದು ವೇಷದ ಹಬ್ಬದ ಮಧ್ಯಾಹ್ನದಿಂದ ಮತ್ತೆ ಶುರುಮಾಡಿದಳು.